ಹೊಸ ಆಳಿನ ಸಂಬಳದಲ್ಲಿ ಸರ್ಕಾರದ ಪಾಲು: ದೆಹಲಿಯ ನಮ್ಮ ಹೋಟೆಲಿಗೆ ದಕ್ಕುವುದೆಷ್ಟು?

ಚಾಣಕ್ಯಪುರಿಯ ಕರ್ನಾಟಕ ಭವನದ ಹೊಸ ಕಟ್ಟಡ 'ಕಾವೇರಿ' 2025ರ ಏಪ್ರಿಲ್ 2ರಂದು ಉದ್ಘಾಟನೆಯಾಯಿತು. ಊರಿನಿಂದ ಬಂದವರು ಅಲ್ಲಿ ಇಳಿದುಕೊಳ್ಳುತ್ತಾರೆ, ನಮ್ಮವರೂ ಆಗಾಗ ಅಲ್ಲಿ ಸೇರುತ್ತಾರೆ. ನಾಲ್ಕು ಮಂದಿ ಹೋಟೆಲಿನವರು ಸೇರಿದರೆ ಮಾತು ಗ್ಯಾಸಿನ ದರದಿಂದ ಶುರುವಾಗಲಿ, ಉದ್ದಿನಬೇಳೆಯಿಂದ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಜನ ಸಿಗುವುದಿಲ್ಲ, ಸಿಕ್ಕಿದವರು ನಿಲ್ಲುವುದಿಲ್ಲ, ನಿಂತವರ ಸಂಬಳ ಗಲ್ಲಾಪೆಟ್ಟಿಗೆಗೆ ಎಟುಕುವುದಿಲ್ಲ. 2025ರ ಆಗಸ್ಟ್ ನಂತರ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. 'ಹೊಸ ಆಳು ಇಟ್ಟುಕೊಂಡರೆ ಸರ್ಕಾರ ತಿಂಗಳಿಗೆ ಮೂರು ಸಾವಿರ ಕೊಡುತ್ತದಂತೆ, ಹೌದೇ?'

ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ಇದನ್ನೇ ಎತ್ತಿಕೊಂಡಿದ್ದೇವೆ. ಸದಸ್ಯರು ಪೆನ್ನು ಕಾಗದ ಪಕ್ಕಕ್ಕಿಟ್ಟುಕೊಂಡು ಓದಿದರೆ ಒಳ್ಳೆಯದು. ನಡುನಡುವೆ ಲೆಕ್ಕಗಳಿವೆ.

ಹಿಂದಿನ ಎರಡು ಯೋಜನೆಗಳು

ಕೆಲಸಗಾರರ ಸಂಬಳದ ಒಂದು ಪಾಲನ್ನು ಸರ್ಕಾರ ಹೊತ್ತುಕೊಂಡು, ಸಣ್ಣ ಉದ್ದಿಮೆಗಳು ಹೆಚ್ಚು ಜನರನ್ನು ನೇಮಿಸಿಕೊಳ್ಳುವಂತೆ ಮಾಡುವುದು ಹೊಸ ಆಲೋಚನೆಯೇನಲ್ಲ. ಬ್ರಿಟನ್ನಿನಲ್ಲಿ ಕೊರೋನಾ ಕಾಲದಲ್ಲಿ, 2020ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗೆ, ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ನೌಕರರ ಸಂಬಳದಲ್ಲಿ ಶೇ. 80ರವರೆಗೆ, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ, ಅಲ್ಲಿನ ಸರ್ಕಾರವೇ ಭರಿಸಿತು. ನಮ್ಮಲ್ಲಿ ಆಗಿದ್ದು ಬೇರೆ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು ಲಾಕ್‌ಡೌನ್ ಅವಧಿಗೆ ಪೂರ್ತಿ ಸಂಬಳ ಕೊಡಬೇಕೆಂದು ಮಾಲೀಕರಿಗೇ ಆದೇಶಿಸಿತು. ಒಲೆ ಆರಿದ ಹೋಟೆಲು ಎಲ್ಲಿಂದ ಕೊಡಬೇಕು? ಮೇ 18ರಿಂದ ಆ ಆದೇಶ ಜಾರಿಯಲ್ಲಿ ಉಳಿಯಲಿಲ್ಲ. ಜೂನ್ 12ರಂದು ಸುಪ್ರೀಂ ಕೋರ್ಟು ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದೂ, ಎರಡೂ ಕಡೆಯವರು ಕುಳಿತು ಮಾತಾಡಿ ಬಗೆಹರಿಸಿಕೊಳ್ಳಬಹುದೆಂದೂ ಹೇಳಿತು.

ನಮ್ಮ ದೇಶದಲ್ಲಿ ಸಂಬಳದ ಸಹಾಯಧನ ಬಂದದ್ದೆಲ್ಲ ಭವಿಷ್ಯ ನಿಧಿಯ, ಅಂದರೆ ಪಿ.ಎಫ್.ನ ಬಾಗಿಲಿನಿಂದ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಪಿ.ಎಫ್. ಪುಸ್ತಕದಲ್ಲಿ ಹೆಸರಿಲ್ಲದ ಆಳು ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಅವನು ಹತ್ತು ವರ್ಷದಿಂದ ನಮ್ಮ ಗ್ರೈಂಡರಿನ ಮುಂದೆ ನಿಂತಿದ್ದರೂ ಸರಿ.

ಮೊದಲನೆಯದು 'ಪ್ರಧಾನಮಂತ್ರಿ ರೋಜ್‌ಗಾರ್ ಪ್ರೋತ್ಸಾಹನ್ ಯೋಜನೆ'. 2016ರ ಆಗಸ್ಟ್‌ನಲ್ಲಿ ಶುರುವಾಯಿತು. ತಿಂಗಳಿಗೆ ರೂ. 15,000ದವರೆಗೆ ಸಂಬಳವಿರುವ ಹೊಸ ನೌಕರನಿಗೆ ಮಾಲೀಕರು ಕಟ್ಟಬೇಕಾದ ಪಿಂಚಣಿ ಪಾಲು ಶೇ. 8.33ನ್ನು ಸರ್ಕಾರ ಕಟ್ಟುತ್ತಿತ್ತು. 2018ರ ಏಪ್ರಿಲ್‌ನಿಂದ ಮಾಲೀಕರ ಪೂರ್ತಿ ಶೇ. 12ನ್ನೂ ಕಟ್ಟತೊಡಗಿತು. ಅವಧಿ ಮೂರು ವರ್ಷ. 2019ರ ಮಾರ್ಚ್ 31ರೊಳಗೆ ನೋಂದಾಯಿಸಿದವರಿಗೆ 2022ರ ಮಾರ್ಚ್‌ವರೆಗೆ ಸಿಕ್ಕಿತು. ದೇಶದಲ್ಲಿ ಸುಮಾರು 1.21 ಕೋಟಿ ನೌಕರರ ಹೆಸರಿನಲ್ಲಿ ಈ ಹಣ ಹೋಗಿದೆ. 2017ರ ಮಾರ್ಚ್‌ನಲ್ಲಿ ದೆಹಲಿ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಅಕುಶಲರಿಗೆ ರೂ. 13,350, ಅರೆಕುಶಲರಿಗೆ ರೂ. 14,698, ಕುಶಲರಿಗೆ ರೂ. 16,182. ಅದು ನ್ಯಾಯಾಲಯದ ಮೆಟ್ಟಿಲೇರಿದ್ದು ಬೇರೆ ಮಾತು. ಈ ದರದ ಪ್ರಕಾರ ನಮ್ಮ ಕ್ಲೀನರು, ಸಪ್ಲೈಯರು ಯೋಜನೆಯ ಒಳಗೆ ಬರುತ್ತಿದ್ದರು. ದೋಸೆ ಭಟ್ಟರು ಹೊರಗೆ.

ಎರಡನೆಯದು 'ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ', 2020ರ ಅಕ್ಟೋಬರ್ 1ರಿಂದ. ನೋಂದಣಿ 2022ರ ಮಾರ್ಚ್ 31ರವರೆಗೆ ನಡೆಯಿತು. ಸಾವಿರದೊಳಗೆ ನೌಕರರಿರುವ ಸಂಸ್ಥೆಗಳಿಗೆ ಮಾಲೀಕರ ಶೇ. 12, ನೌಕರನ ಶೇ. 12, ಒಟ್ಟು ಶೇ. 24ನ್ನು ಎರಡು ವರ್ಷ ಸರ್ಕಾರವೇ ಕಟ್ಟುವುದು. ಕೇಳಿದರೆ ಇದಕ್ಕಿಂತ ಉದಾರವಾದದ್ದು ಬೇಡ ಅನ್ನಿಸುತ್ತದೆ. ಆದರೆ ನೌಕರನ ಸಂಬಳ ರೂ. 15,000ಕ್ಕಿಂತ ಕಡಿಮೆ ಇರಬೇಕು. 2021ರ ಏಪ್ರಿಲ್ 1ರಿಂದ ದೆಹಲಿಯಲ್ಲಿ ಅಕುಶಲ ಕೆಲಸಗಾರನ ಕನಿಷ್ಠ ಕೂಲಿಯೇ ರೂ. 15,908 ಆಯಿತು.

ಇಲ್ಲಿ ಸದಸ್ಯರು ಒಂದು ನಿಮಿಷ ನಿಲ್ಲಬೇಕು. ದೆಹಲಿಯಲ್ಲಿ ಕಾನೂನಿನ ಪ್ರಕಾರ ಪೂರ್ಣಾವಧಿ ಕೂಲಿ ಕೊಡುವ ಹೋಟೆಲಿಗೆ, ಮುಸುರೆ ತೊಳೆಯುವವನ ಹೆಸರಿನಲ್ಲೂ ಈ ಯೋಜನೆ ದಕ್ಕುತ್ತಿರಲಿಲ್ಲ. ಅರ್ಜಿಯಲ್ಲಿ 14,900 ಎಂದು ಬರೆದವನು ಕನಿಷ್ಠ ಕೂಲಿ ಕಾಯ್ದೆಯ ಉಲ್ಲಂಘನೆಯನ್ನು ತನ್ನ ಕೈಯಾರೆ ಸರ್ಕಾರಕ್ಕೆ ಬರೆದುಕೊಟ್ಟ ಹಾಗೆ. ಕೂಲಿದರ ಕಡಿಮೆಯಿರುವ ರಾಜ್ಯಗಳಿಗೆ ಒಪ್ಪಿದ ಯೋಜನೆ ಅದು. ರಾಜಧಾನಿಯ ಹೋಟೆಲಿಗೆ ಒಪ್ಪಲಿಲ್ಲ. 'ನಮಗೆ ಯಾರೂ ಹೇಳಲಿಲ್ಲ, ನಾವು ಕಳಕೊಂಡೆವು' ಎಂದು ಕೊರಗುವ ಸದಸ್ಯರಿದ್ದಾರೆ. ಅವರು ಕಳಕೊಂಡದ್ದು ಏನೂ ಇಲ್ಲ.

ಈಗಿನದು ಏನು?

2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿದ ಹೊಸ ಯೋಜನೆಯ ಹೆಸರು 'ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ'. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಕೆಲಸಗಳಿಗೆ ಇದು ಅನ್ವಯ. ಗೊತ್ತುಮಾಡಿದ ಹಣ ರೂ. 99,446 ಕೋಟಿ. ಇದರಲ್ಲಿ ಎರಡು ಭಾಗ ಉಂಟು. ಒಂದು ನೌಕರನಿಗೆ, ಇನ್ನೊಂದು ಮಾಲೀಕರಿಗೆ.

ನೌಕರನ ಭಾಗ ಹೀಗೆ. ಮೊದಲ ಬಾರಿಗೆ ಪಿ.ಎಫ್.ಗೆ ಸೇರಿದವನಿಗೆ ಒಂದು ತಿಂಗಳ ಸಂಬಳದಷ್ಟು, ಹೆಚ್ಚೆಂದರೆ ರೂ. 15,000, ಎರಡು ಕಂತಿನಲ್ಲಿ. ಆರು ತಿಂಗಳು ಕೆಲಸದಲ್ಲಿ ನಿಂತ ಮೇಲೆ ಮೊದಲ ಕಂತು. ಹನ್ನೆರಡು ತಿಂಗಳಾಗಿ, ಹಣಕಾಸಿನ ತಿಳಿವಳಿಕೆಯ ಒಂದು ಸಣ್ಣ ಪಾಠವನ್ನೂ ಮುಗಿಸಿದ ಮೇಲೆ ಎರಡನೆಯ ಕಂತು. ಹಣ ನೇರವಾಗಿ ಅವನ ಆಧಾರ್ ಜೋಡಿಸಿದ ಖಾತೆಗೆ. ಅದರಲ್ಲಿ ಒಂದು ಪಾಲು ಉಳಿತಾಯದಲ್ಲಿ ಇಡಲ್ಪಡುತ್ತದೆ.

ಮಾಲೀಕರ ಭಾಗ: ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ರತಿ ನೌಕರನಿಗೆ ಎರಡು ವರ್ಷ ಪ್ರೋತ್ಸಾಹಧನ. ಪಿ.ಎಫ್. ಸಂಬಳ ರೂ. 10,000ದವರೆಗಿದ್ದರೆ ತಿಂಗಳಿಗೆ ರೂ. 1,000ದವರೆಗೆ, 10,000 ದಾಟಿ 20,000ದವರೆಗಿದ್ದರೆ ರೂ. 2,000, ಅದಕ್ಕಿಂತ ಮೇಲೆ ಒಂದು ಲಕ್ಷದವರೆಗಿದ್ದರೆ ರೂ. 3,000. ಎಲ್ಲರ ಬಾಯಲ್ಲಿ ಓಡಾಡುತ್ತಿರುವ 'ಮೂರು ಸಾವಿರ' ಈ ಕೊನೆಯ ಮೆಟ್ಟಿಲಿನದು. ಕಾರ್ಖಾನೆಗಳಿಗೆ ಮೂರನೆಯ, ನಾಲ್ಕನೆಯ ವರ್ಷವೂ ಉಂಟು. ಹೋಟೆಲು ಕಾರ್ಖಾನೆಯಲ್ಲ, ನಮಗೆ ಎರಡೇ ವರ್ಷ.

ಐವತ್ತಕ್ಕಿಂತ ಕಡಿಮೆ ನೌಕರರಿರುವ ಹೋಟೆಲು ಕಡಿಮೆಯೆಂದರೆ ಇಬ್ಬರನ್ನು, ಐವತ್ತು ಮತ್ತು ಮೇಲ್ಪಟ್ಟವರಿರುವ ಹೋಟೆಲು ಐವರನ್ನು ಹೆಚ್ಚಿಗೆ ಸೇರಿಸಿಕೊಳ್ಳಬೇಕು. ಅವರು ಆರು ತಿಂಗಳಾದರೂ ನಿಲ್ಲಬೇಕು. ಹೆಚ್ಚಿಗೆ ಎಂದರೆ ಯಾವುದಕ್ಕೆ ಹೆಚ್ಚಿಗೆ? ಯೋಜನೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಪಿ.ಎಫ್. ಕಟ್ಟಿದ ನೌಕರರ ಸರಾಸರಿಗೆ. ಇದನ್ನು ಮೂಲಸಂಖ್ಯೆ ಎಂದು ಕರೆಯೋಣ. ಹೊಸದಾಗಿ ಪಿ.ಎಫ್. ವ್ಯಾಪ್ತಿಗೆ ಬರುವ ಸಂಸ್ಥೆಗೆ 20ನ್ನೇ ಮೂಲಸಂಖ್ಯೆ ಎಂದು ಹಿಡಿಯುತ್ತಾರೆ. ಎಂದರೆ ಹನ್ನೆರಡು ಮಂದಿಯ ಒಂದು ಮೆಸ್ಸು ಈ ಹಣದ ಆಸೆಗಾಗಿ ಸ್ವಇಚ್ಛೆಯಿಂದ ಪಿ.ಎಫ್. ಮಾಡಿಸಿದರೆ ಮಾಲೀಕರಿಗೆ ಪ್ರೋತ್ಸಾಹಧನ ಬರುವುದಿಲ್ಲ. 'ಸಣ್ಣ ಉದ್ದಿಮೆಗೆ ನೆರವು' ಎಂಬ ಮಾತು ನಿಜವಾಗಿ ಸಣ್ಣವರಿಗೆ ಇಲ್ಲಿ ತಲುಪುತ್ತಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸಂಘಗಳು ಈ ವಿಷಯವನ್ನು ಎತ್ತಿ ಹೇಳಬೇಕು.

ದೆಹಲಿಯ ವಿಶೇಷ ತೊಡಕು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇದನ್ನು ಊರಿನ ಕಡೆಯ ಆಡಿಟರು ಹೇಳಲಿಕ್ಕಿಲ್ಲ, ಅವರಿಗೆ ಇದರ ಪ್ರಸಂಗವೇ ಬರುವುದು ಕಡಿಮೆ.

1952ರ ಪಿ.ಎಫ್. ಸ್ಕೀಮಿನಲ್ಲಿ 'ಹೊರತಾದ ನೌಕರ' ಎಂಬ ಒಂದು ವರ್ಗವಿದೆ. ಹಿಂದೆ ಎಲ್ಲೂ ಪಿ.ಎಫ್. ಸದಸ್ಯನಾಗಿರದೆ, ಕೆಲಸಕ್ಕೆ ಸೇರುವಾಗಲೇ ಮೂಲವೇತನ ಮತ್ತು ತುಟ್ಟಿಭತ್ಯೆ ಮಿತಿಯನ್ನು ಮೀರಿರುವವನನ್ನು ಕಡ್ಡಾಯವಾಗಿ ಸೇರಿಸಬೇಕಾಗಿಲ್ಲ. ಆ ಮಿತಿಯನ್ನು 2014ರ ಸೆಪ್ಟೆಂಬರ್ 1ರಂದು ರೂ. 15,000ಕ್ಕೆ ಏರಿಸಲಾಯಿತು. 2025ರ ಏಪ್ರಿಲ್ 1ರಿಂದ ದೆಹಲಿಯಲ್ಲಿ ಗೊತ್ತುಮಾಡಿದ ಕನಿಷ್ಠ ಕೂಲಿ ಅಕುಶಲರಿಗೆ ರೂ. 18,456, ಅರೆಕುಶಲರಿಗೆ ರೂ. 20,371, ಕುಶಲರಿಗೆ ರೂ. 22,411. ಸರಿಯಾಗಿ ಕೂಲಿ ಕೊಡುವ ದೆಹಲಿ ಹೋಟೆಲಿನಲ್ಲಿ ಮೊದಲ ಸಲ ಕೆಲಸಕ್ಕೆ ಸೇರುವ ಹುಡುಗ ಮೊದಲ ದಿನವೇ 'ಹೊರತಾದ ನೌಕರ'!

ಅವನನ್ನು ಪಿ.ಎಫ್.ಗೆ ಸೇರಿಸಬಹುದು. ಮಾಲೀಕರೂ ಅವನೂ ಒಪ್ಪಿ ಜಂಟಿಯಾಗಿ ಕೋರಿಕೆ ಸಲ್ಲಿಸಬೇಕು. ಸೇರಿಸದಿದ್ದರೆ ಯೋಜನೆಯ ಎರಡೂ ಭಾಗ ಇಲ್ಲ. ಒಮ್ಮೆ ಸೇರಿಸಿದ ಮೇಲೆ ಎರಡು ವರ್ಷ ಕಳೆಯಿತೆಂದು ತೆಗೆಯಲು ಬರುವುದಿಲ್ಲ, ಅವನು ನಮ್ಮಲ್ಲಿ ಇರುವವರೆಗೂ ಕಟ್ಟಬೇಕು. ಹಾಗಾಗಿ ಪ್ರಶ್ನೆ 'ಸರ್ಕಾರ ಎರಡು ಸಾವಿರ ಕೊಡುತ್ತದೆಯೇ' ಎಂಬುದಲ್ಲ. 'ಎರಡು ಸಾವಿರಕ್ಕಾಗಿ ನಾವು ಯಾವ ಬಾಧ್ಯತೆಯನ್ನು ಹೊರುತ್ತಿದ್ದೇವೆ' ಎಂಬುದು ಪ್ರಶ್ನೆ. ಒಂದು ವೇಳೆ ಸರ್ಕಾರ 15,000ದ ಮಿತಿಯನ್ನು ಏರಿಸಿದರೆ ಈ ಆಯ್ಕೆ ಉಳಿಯುವುದಿಲ್ಲ, ಎಲ್ಲರೂ ಕಡ್ಡಾಯವಾಗಿ ಒಳಗೆ ಬರುತ್ತಾರೆ.

ಲೆಕ್ಕ ಹಾಕೋಣ. ಪಿ.ಎಫ್. ಪಟ್ಟಿಯಲ್ಲಿ ಸರಾಸರಿ 24 ಮಂದಿ ಇರುವ ಒಂದು ಹೋಟೆಲು. ಹೊಸದಾಗಿ ಇಬ್ಬರು ಕ್ಲೀನರುಗಳನ್ನು ರೂ. 18,456 ಸಂಬಳಕ್ಕೆ ತೆಗೆದುಕೊಳ್ಳುತ್ತಾರೆ. ಪಿ.ಎಫ್.ನ್ನು ರೂ. 15,000ದ ಮೇಲೆ ಕಟ್ಟುತ್ತಾರೆ. ಮಾಲೀಕರ ಶೇ. 12, ವಿಮೆಯ ಶೇ. ಅರ್ಧ, ಆಡಳಿತ ವೆಚ್ಚದ ಶೇ. ಅರ್ಧ, ಒಟ್ಟು ಶೇ. 13, ಅಂದರೆ ರೂ. 1,950. ಇ.ಎಸ್.ಐ. ಮಿತಿ ರೂ. 21,000 ಇರುವುದರಿಂದ ಇವರು ಅದರೊಳಗೂ ಬರುತ್ತಾರೆ, ಮಾಲೀಕರ ಶೇ. 3.25 ಸುಮಾರು ರೂ. 600. ಒಬ್ಬನ ಮೇಲೆ ತಿಂಗಳ ಖರ್ಚು ರೂ. 21,006. ಇಬ್ಬರಿಗೆ ಎರಡು ವರ್ಷಕ್ಕೆ ರೂ. 10,08,288. ಬೋನಸ್ಸು, ಊಟ, ರೂಮು ಬೇರೆ.

ಬರುವ ಪ್ರೋತ್ಸಾಹಧನ? ಪಿ.ಎಫ್. ಸಂಬಳ 15,000 ಆದ್ದರಿಂದ ನಡುವಿನ ಮೆಟ್ಟಿಲು, ತಲಾ ರೂ. 2,000. ಇಬ್ಬರಿಗೆ ಇಪ್ಪತ್ತನಾಲ್ಕು ತಿಂಗಳಿಗೆ ರೂ. 96,000. ಅದೂ ವ್ಯಾಪಾರದ ಆದಾಯವೇ, ತೆರಿಗೆಗೆ ಒಳಪಟ್ಟದ್ದು. ಖರ್ಚಿನ ನೂರರಲ್ಲಿ ಒಂಬತ್ತೂವರೆ ಪಾಲು ಸರ್ಕಾರದಿಂದ ಬಂದ ಹಾಗಾಯಿತು.

ಎರಡು ಸಾವಿರವನ್ನೂ ಸಾವಿರದ ಒಂಬೈನೂರ ಐವತ್ತನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಹೊಸ ಆಳಿನ ಪಿ.ಎಫ್. ಖರ್ಚನ್ನು ಎರಡು ವರ್ಷ ಸರ್ಕಾರ ಭರಿಸುತ್ತದೆ, ಅಷ್ಟೇ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೂರನೆಯ ವರ್ಷದಿಂದ ಆ 1,950 ನಮ್ಮದು. ಆ ಎರಡು ಜೊತೆ ಕೈ ನಮ್ಮ ಅಡುಗೆಮನೆಗೆ ನಿಜವಾಗಿ ಬೇಕಾಗಿದ್ದರೆ ಇದು ಒಳ್ಳೆಯ ನೆರವು. ಬೇಡವಾಗಿದ್ದರೆ, 96 ಸಾವಿರಕ್ಕಾಗಿ ಹತ್ತು ಲಕ್ಷ ಖರ್ಚು ಮಾಡುವುದು ವ್ಯಾಪಾರವಲ್ಲ.

ಹುಡುಗನ ಕಡೆಯಿಂದ ನೋಡಿದರೆ

ಪಿ.ಎಫ್. ಎಂದ ಕೂಡಲೇ ಹೊಸ ಹುಡುಗ ಮುಖ ಸಿಂಡರಿಸುವುದು ಎಲ್ಲರಿಗೂ ಗೊತ್ತು. ಅವನ ಕೈಯಿಂದ ತಿಂಗಳಿಗೆ ರೂ. 1,800 ಪಿ.ಎಫ್.ಗೆ, ರೂ. 138ರಷ್ಟು ಇ.ಎಸ್.ಐ.ಗೆ ಹೋಗುತ್ತದೆ. ಊರಿಗೆ ಕಳಿಸುವ ದುಡ್ಡಿನಲ್ಲಿ ಅಷ್ಟು ಕಡಿಮೆ. 'ಪಕ್ಕದ ಹೋಟೆಲಿನಲ್ಲಿ ಕಟ್ ಮಾಡುವುದಿಲ್ಲವಂತೆ' ಎಂದು ಹೇಳಿ ಮೂರನೆಯ ವಾರಕ್ಕೆ ಹೊರಟುಬಿಡುತ್ತಾನೆ.

ಯೋಜನೆಯ ಮೊದಲ ಭಾಗ ನಮ್ಮ ಕೈಗೆ ಒಂದು ಸಲಕರಣೆ ಕೊಡುವುದು ಇಲ್ಲಿಯೇ. ಅವನಿಗೆ ಸಿಗುವ ರೂ. 15,000 ಎಂದರೆ ಅವನಿಂದ ಕಡಿತವಾಗುವ ಎಂಟು ತಿಂಗಳಿಗೂ ಹೆಚ್ಚಿನ ಪಿ.ಎಫ್. ಅವನ 1,800ರ ಜೊತೆ ಮಾಲೀಕರ 1,800 ಸೇರಿ, ಬಡ್ಡಿಯೊಂದಿಗೆ ಅವನ ಹೆಸರಿನಲ್ಲಿ ಕೂಡುತ್ತದೆ. ಇದನ್ನು ಸೇರಿದ ದಿನವೇ, ಅವನಿಗೆ ತಿಳಿಯುವ ಭಾಷೆಯಲ್ಲಿ, ಲೆಕ್ಕ ಬರೆದು ತೋರಿಸಬೇಕು. ಕ್ಯಾಷಿಯರಿಗೆ ವಹಿಸಿದರೆ ಆಗುವುದಿಲ್ಲ, ಯಜಮಾನರೇ ಹೇಳಬೇಕು. ನಾವು ಕಂಡ ಮಟ್ಟಿಗೆ ಹುಡುಗರು ಕಡಿತವನ್ನು ವಿರೋಧಿಸುವುದಕ್ಕಿಂತ ಹೆಚ್ಚಾಗಿ, ಆ ಹಣ ಎಲ್ಲಿ ಹೋಯಿತೆಂದು ತಿಳಿಯದಿರುವುದಕ್ಕೆ ಸಿಟ್ಟಾಗುತ್ತಾರೆ. ಹಿಂದೆ ಕೆಲಸ ಮಾಡಿದಲ್ಲಿ ಕಡಿತವಾಗಿ, ಕಟ್ಟದೆ ಉಳಿದ ಅನುಭವ ಕೆಲವರಿಗೆ ಇರುತ್ತದೆ.

ಇನ್ನೊಂದು ಸಮಸ್ಯೆ. 'ನನಗೆ ಇದೇ ಮೊದಲ ಕೆಲಸ' ಎಂದು ಹುಡುಗ ಹೇಳುತ್ತಾನೆ, ಸುಳ್ಳನ್ನೂ ಹೇಳುತ್ತಿರುವುದಿಲ್ಲ. ಆದರೆ ಹಿಂದೆ ಯಾವುದೋ ಗುತ್ತಿಗೆದಾರನ ಕೈಕೆಳಗೆ ಎರಡು ತಿಂಗಳು ಇದ್ದಾಗ ಅವನ ಹೆಸರಿನಲ್ಲಿ ಯು.ಎ.ಎನ್. ಸಂಖ್ಯೆ ಹುಟ್ಟಿರುತ್ತದೆ. ಅವನಿಗೇ ತಿಳಿದಿರುವುದಿಲ್ಲ. ಆಗ ಅವನಿಗೆ 15,000 ಇಲ್ಲ. ಕೊಡಿಸುತ್ತೇನೆಂದು ಮಾತು ಕೊಟ್ಟು ಬರದಿದ್ದರೆ ಮುಖ ತೋರಿಸುವುದು ಕಷ್ಟ. ಆದ್ದರಿಂದ ಮೊದಲು ಆಧಾರ್ ಮೂಲಕ ಪರೀಕ್ಷಿಸಿ, ಆಮೇಲೆ ಮಾತು ಕೊಡಿ. ಮಾಲೀಕರ ಭಾಗಕ್ಕೆ ಮಾತ್ರ ನೌಕರ ಹೊಸಬನೇ ಆಗಬೇಕೆಂದಿಲ್ಲ, ಹಿಂದೆ ಪಿ.ಎಫ್. ಇದ್ದವನಾದರೂ ಎಣಿಕೆಗೆ ಬರುತ್ತಾನೆ. ಹೊಸ ಯು.ಎ.ಎನ್. ಮಾಡಿಸುವುದಕ್ಕೆ 2025ರ ಆಗಸ್ಟ್‌ನಿಂದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ದೃಢಪಡಿಸುವ ಪದ್ಧತಿ ಬಂದಿದೆ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದ ಹಾಗೆಯೇ ಇರಬೇಕು.

ಆರು ತಿಂಗಳೆಂಬ ಹೊಸ್ತಿಲು

ನಮ್ಮ ವೃತ್ತಿಗೆ ನಿಜವಾದ ಪರೀಕ್ಷೆ ಇದು. ಒಂದು ಕಾಲಕ್ಕೆ ಉಡುಪಿ, ಕುಂದಾಪುರದ ಕಡೆಯಿಂದ ಬಂದ ಮಾಣಿಗಳು ಹೋಟೆಲಿನಲ್ಲೇ ಉಂಡು, ಅಲ್ಲೇ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ತಾವೇ ಹೋಟೆಲು ಇಟ್ಟರು. ಮುಂಬಯಿಯ ಕಥೆ ಎಲ್ಲರಿಗೂ ಗೊತ್ತು. ಹೋಟೆಲಿನಲ್ಲಿ ಎಳೆ ಮಕ್ಕಳನ್ನು ಇಡುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು, ಆದದ್ದು ಒಳ್ಳೆಯದೇ. ಈಗ ಊರಿನಿಂದ ಯಾರೂ ದೆಹಲಿಗೆ ಲೋಟ ತೊಳೆಯಲು ಬರುವುದಿಲ್ಲ. ಇಲ್ಲಿ ಸಾಂಬಾರು ಬಡಿಸುವವರು ಬಿಹಾರ, ಗಢವಾಲ, ಒಡಿಶಾದವರು. ಛಠ್ ಹಬ್ಬಕ್ಕೆ, ಹೋಳಿಗೆ ಊರಿಗೆ ಹೋದವರಲ್ಲಿ ಎಷ್ಟು ಮಂದಿ ಮರಳಿ ಬರುತ್ತಾರೆಂದು ದೇವರೇ ಹೇಳಬೇಕು. ಆಗಸ್ಟ್‌ನಲ್ಲಿ ಸೇರಿದವನು ಛಠ್ ಹೊತ್ತಿಗೆ ಹೋದರೆ ಆರು ತಿಂಗಳು ಆಗಿರುವುದಿಲ್ಲ. ಅವನಿಗೂ ಇಲ್ಲ, ನಮಗೂ ಇಲ್ಲ. ಇಬ್ಬರಲ್ಲಿ ಒಬ್ಬ ಹೋದರೆ 'ಇಬ್ಬರು ಹೆಚ್ಚಿಗೆ' ಎಂಬ ಷರತ್ತೇ ಮುರಿಯಬಹುದು.

ಆದ್ದರಿಂದ ಇಬ್ಬರು ಬೇಕಾದಲ್ಲಿ ಮೂವರನ್ನು ಪಟ್ಟಿಯಲ್ಲಿಡುವುದು ಜಾಣತನ, ಕೆಲಸ ಇದ್ದರೆ ಮಾತ್ರ. ಇನ್ನು, ನಿಲ್ಲಿಸಿಕೊಳ್ಳಲು ಬೇಕಾದದ್ದು ಸರ್ಕಾರದ ಹಣವಲ್ಲ. ವಾರಕ್ಕೊಂದು ರಜೆ, ತಿಗಣೆಯಿಲ್ಲದ ಕೋಣೆ, ಬೇಸಿಗೆಯಲ್ಲಿ ಕೂಲರು, ಹಬ್ಬಕ್ಕೆ ಹೋಗಿಬರುವ ರೈಲು ಟಿಕೆಟ್ಟನ್ನು ಹೋಟೆಲಿನಿಂದಲೇ ಮುಂಚಿತವಾಗಿ ಮಾಡಿಸಿಕೊಡುವುದು. ಮರಳುವ ಟಿಕೆಟ್ಟು ಕೈಯಲ್ಲಿದ್ದವನು ಮರಳುತ್ತಾನೆ. ಎರಡು ವರ್ಷದಲ್ಲಿ ಬರುವ ಆ 96 ಸಾವಿರದಲ್ಲಿ ಸ್ವಲ್ಪವನ್ನು ಇದಕ್ಕೆ ಎತ್ತಿಟ್ಟರೆ ನಷ್ಟವಿಲ್ಲ.

ಯಾರೂ ಮಾತಾಡದ ಇನ್ನೊಂದು ರಿಯಾಯಿತಿ

ಪ್ರೋತ್ಸಾಹಧನದ ಗದ್ದಲದಲ್ಲಿ ಆದಾಯ ತೆರಿಗೆಯ ಕಡೆ ಯಾರ ಕಣ್ಣೂ ಹೋಗುವುದಿಲ್ಲ. 1961ರ ಕಾಯ್ದೆಯ 80 ಜೆಜೆಎಎ ಕಲಮು 2016ರ ಹಣಕಾಸು ಕಾಯ್ದೆಯಿಂದ ಎಲ್ಲ ಉದ್ದಿಮೆಗಳಿಗೂ ತೆರೆದುಕೊಂಡಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲೂ ಇಂಥದೇ ವಿನಾಯಿತಿ ಉಂಟು. ಹೊಸ ನೌಕರನಿಗೆ ಕೊಟ್ಟ ಸಂಬಳವನ್ನು ಎಂದಿನಂತೆ ಖರ್ಚಿನಲ್ಲಿ ತೋರಿಸುವುದಲ್ಲದೆ, ಅದರ ಶೇ. 30ನ್ನು ಮೂರು ವರ್ಷ ಲಾಭದಿಂದ ಮತ್ತೆ ಕಳೆಯಬಹುದು.

ಷರತ್ತುಗಳು ಹೀಗಿವೆ. ಸಂಬಳ ತಿಂಗಳಿಗೆ ರೂ. 25,000 ಮೀರಬಾರದು, ದೆಹಲಿಯ ಕನಿಷ್ಠ ಕೂಲಿ ಪಡೆಯುವ ಕುಶಲ ಅಡುಗೆಯವರೂ ಇದರೊಳಗೆ ಬರುತ್ತಾರೆ. ವರ್ಷದಲ್ಲಿ ಕಡಿಮೆಯೆಂದರೆ 240 ದಿನ ಕೆಲಸದಲ್ಲಿರಬೇಕು. ಪಿ.ಎಫ್. ಇರಬೇಕು. ಸಂಬಳ ಬ್ಯಾಂಕಿನ ಮೂಲಕವೇ ಹೋಗಿರಬೇಕು, ಕವರಿನಲ್ಲಿ ಹಾಕಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಹಿಂದಿನ ವರ್ಷದ ಕೊನೆಯ ದಿನಕ್ಕಿಂತ ಒಟ್ಟು ಸಂಖ್ಯೆ ಏರಿರಬೇಕು. ಲೆಕ್ಕಪತ್ರಕ್ಕೆ ಟ್ಯಾಕ್ಸ್ ಆಡಿಟ್ ಆಗಿರಬೇಕು. ಇನ್ನೊಬ್ಬರಿಂದ ವಹಿಸಿಕೊಂಡ ಅಥವಾ ಇದ್ದದ್ದನ್ನೇ ಎರಡಾಗಿ ಒಡೆದು ಮಾಡಿದ ಹೋಟೆಲಿಗೆ ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಸೇರಿದವನು ಆ ವರ್ಷ 240 ದಿನ ಮುಗಿಸದಿದ್ದರೂ ಮುಂದಿನ ವರ್ಷ ಮುಗಿಸಿದರೆ ಮುಂದಿನ ವರ್ಷಕ್ಕೆ ಎಣಿಸುತ್ತಾರೆ.

ಮೇಲಿನ ಅದೇ ಇಬ್ಬರನ್ನು ತೆಗೆದುಕೊಳ್ಳಿ. ವರ್ಷದ ಸಂಬಳ ರೂ. 4,42,944. ಶೇ. 30 ಎಂದರೆ ರೂ. 1,32,883. ಪಾಲುದಾರಿಕೆ ಸಂಸ್ಥೆಯಾಗಿ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಕಟ್ಟುವವರಿಗೆ ವರ್ಷಕ್ಕೆ ಸುಮಾರು ರೂ. 41,460 ಉಳಿತಾಯ. ಮೂರು ವರ್ಷಕ್ಕೆ ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರ. ಪ್ರೋತ್ಸಾಹಧನಕ್ಕಿಂತ ಹೆಚ್ಚಾಯಿತಲ್ಲ! ಲಾಭ ಇರುವವರಿಗೆ ಮಾತ್ರ, ನಿಜ. ಹಳೆಯ ಎರಡು ಯೋಜನೆಗಳಲ್ಲಿ ನೌಕರನ ಪಿಂಚಣಿ ಪಾಲನ್ನು ಪೂರ್ತಿ ಸರ್ಕಾರವೇ ಕಟ್ಟುತ್ತಿದ್ದುದರಿಂದ ಅಂಥವರನ್ನು ಈ ವಿನಾಯಿತಿಗೆ ಎಣಿಸಲು ಬರುತ್ತಿರಲಿಲ್ಲ. ಈಗಿನ ಯೋಜನೆ ಪಾಲು ಕಟ್ಟುವುದಿಲ್ಲ, ಪ್ರೋತ್ಸಾಹಧನ ಕೊಡುತ್ತದೆ. ಆ ಕಲಮಿನ ಮಾತನ್ನು ಓದಿದರೆ ಎರಡನ್ನೂ ಪಡೆಯಲು ಅಡ್ಡಿ ಕಾಣುವುದಿಲ್ಲ. ಈ ಒಂದು ಅಂಶವನ್ನು ತಮ್ಮ ಆಡಿಟರಿಗೆ ತೋರಿಸಿ, ಅವರ ಸಹಿ ಇರುವ ವರದಿಯೊಂದಿಗೇ ಮುಂದುವರಿಯಿರಿ.

ಮೂವತ್ತಕ್ಕಿಂತ ಕಡಿಮೆ ಮಂದಿ ಇರುವ ಹೋಟೆಲುಗಳಿಗೆ ಅಪ್ರೆಂಟಿಸ್ ದಾರಿಯೂ ಉಂಟು. ನಾಲ್ಕರಿಂದ 29 ಮಂದಿ ಇರುವಲ್ಲಿ ಅದು ಐಚ್ಛಿಕ, 30 ಮತ್ತು ಮೇಲ್ಪಟ್ಟು ಕಡ್ಡಾಯ. 2016ರಿಂದ ನಡೆದಿರುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ತರಬೇತಿ ಭತ್ಯೆಯ ಕಾಲುಭಾಗ, ಹೆಚ್ಚೆಂದರೆ ತಿಂಗಳಿಗೆ ರೂ. 1,500, ಸರ್ಕಾರದ್ದು. 2023ರಿಂದ ಅದು ನೇರ ಅಭ್ಯರ್ಥಿಯ ಖಾತೆಗೆ ಹೋಗುತ್ತದೆ. ಅಪ್ರೆಂಟಿಸ್ ನೌಕರನಲ್ಲ, ಪಿ.ಎಫ್., ಇ.ಎಸ್.ಐ. ಇಲ್ಲ. ಆದರೆ ಅವನಿಗೆ ಕೆಲಸ ಕಲಿಸಬೇಕು. ವರ್ಷವಿಡೀ ಟೇಬಲ್ ಒರೆಸಿಸಿ 'ಕಲಿಸಿದೆ' ಎನ್ನುವವರಿಗೆ ಈ ದಾರಿಯನ್ನು ನಾವು ಹೇಳುವುದಿಲ್ಲ.

ಅಡ್ಡದಾರಿಯ ಬೆಲೆ

ಮೊದಲ ಯೋಜನೆಯ ಕಾಲದಲ್ಲಿ ಹಳೆಯ ನೌಕರರನ್ನೇ ಹೊಸಬರೆಂದು ತೋರಿಸಿ ಹಣ ಪಡೆದವರು ಇದ್ದರು. 2019ರ ಕೊನೆಯ ಹೊತ್ತಿಗೆ ಅನರ್ಹರಾದ ಸುಮಾರು 9 ಲಕ್ಷ ಹೆಸರುಗಳನ್ನು ಪಿ.ಎಫ್. ಸಂಸ್ಥೆ ಪತ್ತೆಹಚ್ಚಿ, ರೂ. 222 ಕೋಟಿಯಷ್ಟನ್ನು ಮರಳಿ ವಸೂಲು ಮಾಡಿತು. ಆಗಲೇ ಹಾಗಿದ್ದರೆ, ಮುಖ ನೋಡಿ ಸಂಖ್ಯೆ ಕೊಡುವ ಈಗಿನ ಕಾಲದಲ್ಲಿ ಹೇಳುವುದೇ ಬೇಡ. ನಮ್ಮ ವೃತ್ತಿಯಲ್ಲಿ ಇದರ ಆಸೆ ಹುಟ್ಟುವುದು ಕ್ಯಾಂಟೀನ್ ಗುತ್ತಿಗೆಯಲ್ಲಿ. ಚಾಣಕ್ಯಪುರಿಯ ಸುತ್ತಮುತ್ತ ರಾಜ್ಯಭವನಗಳು, ಕಚೇರಿಗಳು ತುಂಬಿವೆ. ಗುತ್ತಿಗೆ ಕೈಬದಲಾದಾಗ ಜನ ಅವರೇ ಇರುತ್ತಾರೆ, ಪಿ.ಎಫ್. ಕೋಡು ಮಾತ್ರ ಬದಲಾಗುತ್ತದೆ. ಅವರನ್ನು ಹೊಸ ಉದ್ಯೋಗವೆಂದು ತೋರಿಸುವ ಮೊದಲು ನೂರು ಸಲ ಯೋಚಿಸಬೇಕು.

ಸಂಬಳವನ್ನು ಒಡೆದು, ಮೂಲವೇತನ ಇಷ್ಟು, ಉಳಿದದ್ದೆಲ್ಲ ಭತ್ಯೆ ಎಂದು ಬರೆಯುವ ಹಳೆಯ ಉಪಾಯವೂ ಸವೆದಿದೆ. ಎಲ್ಲರಿಗೂ ಸಮನಾಗಿ ಕೊಡುವ ಭತ್ಯೆ ಮೂಲವೇತನದ ಭಾಗವೇ ಎಂದು 2019ರ ಫೆಬ್ರವರಿ 28ರಂದು ಸುಪ್ರೀಂ ಕೋರ್ಟು ಹೇಳಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನವೇ.

ಕೌಟಿಲ್ಯನ ಹೆಸರಿನ ರಸ್ತೆಯ ಬಳಿ ಕೂತು ಇದನ್ನು ಬರೆಯುವಾಗ ಒಂದು ನೆನಪಾಯಿತು. ಕೂಲಿಯನ್ನು ಮೊದಲೇ ಗೊತ್ತುಮಾಡದಿದ್ದರೆ ಬೇಸಾಯದ ಆಳಿಗೆ ಬೆಳೆಯ ಹತ್ತನೆಯ ಒಂದು ಪಾಲು, ವ್ಯಾಪಾರದ ಆಳಿಗೆ ಸರಕಿನ ಹತ್ತನೆಯ ಒಂದು ಪಾಲು ಎಂದು ಅರ್ಥಶಾಸ್ತ್ರದಲ್ಲಿದೆ. ಸಂಬಳದಲ್ಲಿ ಈಗ ಸರ್ಕಾರ ಕೊಡುವ ಪಾಲೂ ಹೆಚ್ಚುಕಡಿಮೆ ಅಷ್ಟೇ!

ಈ ತಿಂಗಳು ಮಾಡಬೇಕಾದ್ದು ಇಷ್ಟು. 2024ರ ಆಗಸ್ಟ್‌ನಿಂದ 2025ರ ಜುಲೈವರೆಗಿನ ಹನ್ನೆರಡು ಪಿ.ಎಫ್. ಚಲನ್‌ಗಳನ್ನು ತೆಗೆದು ಸರಾಸರಿ ಹಾಕಿ, ತಮ್ಮ ಮೂಲಸಂಖ್ಯೆ ಎಷ್ಟೆಂದು ತಿಳಿದುಕೊಳ್ಳಿ. ಹೋಟೆಲಿನ ಪ್ಯಾನ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಸರಿಯಿದೆಯೇ ನೋಡಿ, ಮಾಲೀಕರ ಹಣ ಬರುವುದು ಅದಕ್ಕೇ. ಪ್ರತಿ ತಿಂಗಳ ಪಿ.ಎಫ್. ಮುಂದಿನ ತಿಂಗಳ 15ರೊಳಗೆ ಕಟ್ಟಿರಬೇಕು. ತಡವಾದರೆ ವರ್ಷಕ್ಕೆ ಶೇ. 12 ಬಡ್ಡಿ, ಅದರ ಮೇಲೆ ದಂಡ. ಇ.ಎಸ್.ಐ. ಕಾರ್ಡು ಮಾಡಿಸುವ ವಿಷಯದಲ್ಲಿ ಹಲವರು ಕೇಳಿದ್ದಾರೆ, ಅದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.